ಎಂ.ಎ. ಸೀಟಿಗೆ ಹೊಸೆದ ಶಾವಿಗೆ

ಅಂಗಳ ಬಳಿದು ಇನ್ನೂ ಕೈ ತೊಳೆದುಕೊಂಡಿರಲಿಲ್ಲ. ಓಣಿಯ ಹೆಂಗಸರು ಆರೇಳು ಮಂದಿ ಶಾವಿಗೆ ಮಣೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು. ಮುಂದೆ ಮೂಲೆಮನೆಯಾಕೆ. ನಮ್ಮ ಮನೆಯಲ್ಲಿ ಎಲ್ಲರೂ ಆಕೆಯನ್ನು ಚಿಗವ್ವ ಎಂದೇ ಕರೆಯುತ್ತಿದ್ದೆವು. ಹಿಂದೆ ಕೋಲು, ಹಾಸುವ ಧೋತರ, ಒಬ್ಬಾಕೆಯ ಬಗಲಲ್ಲಿ ಎಣ್ಣೆ ಬಟ್ಟಲು.

"ಏನ ನೋಡ್ತೀಯವಾ ಹಂಗ? ಮಿರಗದ ಮಳಿ ಹಿಡಿಯೂದ್ರಾಗ ಮುಗಸೂಣು. ಲಗ್ನದ ಮನ್ಯಾಗ ಶಾವಿಗಿ ಇಲ್ದ ಇರಾಕ ಬರತೈತೇನ?" ಎಂದಳು ಚಿಗವ್ವ.

ನಮ್ಮ ಮನೆಯಲ್ಲಿ ಲಗ್ನವೇ ಇರಲಿಲ್ಲ. ಅದು ನನಗೆ ಗೊತ್ತಿತ್ತು, ನಮ್ಮ ಅತ್ತೆಗೆ ಗೊತ್ತಿತ್ತು. ಯಾರ ಲಗ್ನವೆಂದು ಬಂದಿದ್ದರೋ ಆ ಹುಡುಗಿಗೆ, ನನ್ನ ನಾದಿನಿಗೆ, ಮಾತ್ರ ಈ ಸುದ್ದಿಯೇ ತಿಳಿದಿರಲಿಲ್ಲ.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದಾಗಿನ ಮಾತು. ನಾವು ಬೈರಿದೇವರಕೊಪ್ಪದಲ್ಲಿದ್ದೆವು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನನ್ನ ಗಂಡ ಹುಬ್ಬಳ್ಳಿಯ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅತ್ತೆ ರೊಟ್ಟಿ ಬಡಿದು ಎರಡು ಖಾನಾವಳಿಗೆ ಕೊಡುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೆ ರೊಟ್ಟಿಯ ಒಲೆ ಎರಡಾದವು, ಅಷ್ಟೇ. ನಾದಿನಿ ಬಿ.ಎ. ಮುಗಿಸಿ ನವನಗರದ ಒಂದು ಎಸ್.ಟಿ.ಡಿ. ಬೂತಿನಲ್ಲಿ ಕೂಡುತ್ತಿದ್ದಳು. ತಿಂಗಳಿಗೆ ಒಂಬೈನೂರು ರೂಪಾಯಿ ಪಗಾರ. ಆ ಒಂಬೈನೂರರಲ್ಲಿ ನಮ್ಮ ಮನೆಯ ಜೋಳ, ಸೀಮೆಎಣ್ಣೆ, ಕರೆಂಟಿನ ಬಿಲ್ಲು ಎಲ್ಲ ಹೋಗುತ್ತಿದ್ದವು.

ಆಕೆಗೆ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಬೇಕಿತ್ತು. ಅದೇ ಯಾಕೆ ಎಂದು ಕೇಳಿದರೆ ಸರಿಯಾಗಿ ಹೇಳಲು ಆಕೆಗೂ ಬರುತ್ತಿರಲಿಲ್ಲ. ಬಿ.ಎ. ಕೊನೆಯ ವರ್ಷದಲ್ಲಿ ಕಾಲೇಜಿನಿಂದ ಒಂದು ಪ್ರಶ್ನೆಗಳ ಹಾಳೆ ತಂದಿದ್ದಳು, ಮನೆಮನೆಗೆ ಹೋಗಿ ಕೇಳಬೇಕಂತೆ. ಮೊದಲು ನಮ್ಮ ಮನೆಯಲ್ಲೇ ಸುರು ಮಾಡಿದಳು.

"ಯವ್ವಾ, ಮನ್ಯಾಗ ಕಡೀಕ ಉಣ್ಣಾವ್ರು ಯಾರು?"

"ನಾನ. ಮತ್ತ್ಯಾರು?"

"ನೀ ಒಮ್ಮೆರೆ ಬಿಸಿ ರೊಟ್ಟಿ ಉಂಡೀಯೇನು?"

ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಒಗೆದು, "ಇದನ್ನ ಕೇಳಾಕ ನಿನ್ನ ಸಾಲಿಗಿ ಕಳಿಸೇನೇನ ನಾ?" ಎಂದು ಎದ್ದು ಹೋದರು. ಎರಡು ದಿನ ಮಗಳ ಜೊತೆ ಮಾತಿಲ್ಲ. ಮೂರನೆಯ ದಿನ ಮಧ್ಯಾಹ್ನ, ಖಾನಾವಳಿಯ ರೊಟ್ಟಿ ಇನ್ನೂ ಅರ್ಧ ಉಳಿದಿರುವಾಗಲೇ ನನ್ನನ್ನು ಒಲೆಯ ಮುಂದೆ ಕೂಡಿಸಿ ತಾವು ಎಡೆ ಹಾಕಿಕೊಂಡು ಕುಳಿತರು. "ಹಾಕ ಒಂದು, ನೋಡೂಣು," ಎಂದರು. ಉಬ್ಬಿದ ರೊಟ್ಟಿ ಹಾಗೆಯೇ ಹಾಕಿದೆ. ಬಿಸಿ ಆರುವ ಮೊದಲೇ ಉಂಡರು. ಮಗಳು ಓದಬೇಕು ಎಂದು ಅವರ ಮನಸ್ಸಿಗೆ ಬಂದದ್ದು ಆ ದಿನವೇ ಇರಬೇಕು ಎಂದು ನಾನು ತಿಳಿದಿದ್ದೇನೆ. ಅವರಾಗಿ ಹೇಳಿದ್ದಿಲ್ಲ.

ಧಾರವಾಡದ ಯುನಿವರ್ಸಿಟಿಯಲ್ಲಿ ಅಂಕಗಳ ಮೇಲೆ ಸಿಗುವ ಸೀಟು ತಪ್ಪಿತು. ಹೆಚ್ಚಿನ ಫೀ ಕಟ್ಟುವ ಸೀಟು ಸಿಕ್ಕಿತು. ಎಂಟೂವರೆ ಸಾವಿರ. ಒಂದು ಬ್ಯಾಂಕಿಗೆ ಹೋಗಿ ಕೇಳಿದೆವು. ಅಲ್ಲಿಯ ಸಾಹೇಬರು ಮರ್ಯಾದೆಯಿಂದಲೇ ಕೂಡಿಸಿ, "ಇಂಜಿನಿಯರಿಂಗ್ ಏನ್ರಿ? ನರ್ಸಿಂಗ್?" ಎಂದು ಕೇಳಿದರು. ಸಮಾಜಶಾಸ್ತ್ರ ಎಂದದ್ದಕ್ಕೆ, "ಹಂಗಾರ ಜಾಮೀನಿಗೆ ಏನೈತ್ರಿ?" ಎಂದರು. ಏನೂ ಇರಲಿಲ್ಲ.

ನನ್ನ ಗಂಡ ಒಂದೇ ಮಾತಿನಲ್ಲಿ ಮುಗಿಸಿದರು. "ಬೂತ್ ಬಿಟ್ಟರ ಬರೂದು ನಿಂತತು. ಸಾಲ ಮಾಡಿದರ ಕೊಡೂದು ಸುರು ಆತು. ಎರಡೂ ಕೂಡೇ ತಡಕೊಳ್ಳಾಕ ಈ ಮನಿಗೆ ಆಗಂಗಿಲ್ಲ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅತ್ತೆ ಸುಮ್ಮನಾಗಲಿಲ್ಲ.

ನಮ್ಮ ಓಣಿಯಲ್ಲಿ ಹೆಂಗಸರ ಭಿಶಿ ನಡೆಯುತ್ತಿತ್ತು. ಇಪ್ಪತ್ತು ಮಂದಿ ತಿಂಗಳಿಗೆ ಐನೂರರಂತೆ ಹಾಕಬೇಕು. ಹತ್ತು ಸಾವಿರ ಕೂಡುತ್ತದೆ. ಅದು ಯಾರಿಗೆ ಎಂಬುದಕ್ಕೆ ಪ್ರತಿ ತಿಂಗಳು ಸವಾಲು. ನನಗೆ ಬೇಕು ಎನ್ನುವಾಕೆ ಇಷ್ಟು ಬಿಡುತ್ತೇನೆ ಎಂದು ಕೂಗಬೇಕು. ಯಾರು ಹೆಚ್ಚು ಬಿಡುತ್ತಾರೋ ಅವರಿಗೆ ಉಳಿದ ರೊಕ್ಕ. ಬಿಟ್ಟದ್ದನ್ನು ಉಳಿದ ಹತ್ತೊಂಬತ್ತು ಮಂದಿ ಹಂಚಿಕೊಳ್ಳುವುದು. ಎತ್ತಿದವರು ಮುಂದೆಯೂ ಕೊನೆಯ ತಿಂಗಳವರೆಗೆ ಐನೂರು ಕಟ್ಟುತ್ತಲೇ ಇರಬೇಕು. ಒಮ್ಮೆ ಎತ್ತಿದವರಿಗೆ ಮತ್ತೆ ಕೂಗುವ ಹಕ್ಕಿಲ್ಲ. ಹಿಟ್ಟಿನ ಗಿರಣಿಯ ಮುದುಕಿ ಇದಕ್ಕೆಲ್ಲ ಯಜಮಾನಿ. ಗಿರಣಿ ಆಯಿ ಎಂದರೆ ಗಂಡಸರೂ ದನಿ ಇಳಿಸುತ್ತಿದ್ದರು.

ಎಲ್ಲಿಯೂ ಬರೆಯದ ಕಟ್ಟಳೆಯೊಂದು ಈ ಭಿಶಿಗೆ ಇತ್ತು. ಲಗ್ನ, ಬಾಣಂತನ, ದವಾಖಾನೆ, ಸಾವು, ಈ ನಾಲ್ಕಕ್ಕೆ ಸವಾಲಿಲ್ಲ. ಅಂಥ ಮನೆಯವರು ಬಾಯಿಬಿಟ್ಟು ಹೇಳಿದರೆ ಉಳಿದವರು ಕೂಗುವುದಿಲ್ಲ, ಹತ್ತು ಸಾವಿರವೂ ಇಡಿಯಾಗಿ ಅವರ ಉಡಿಗೆ. ಲಗ್ನವಾದರೆ ಶಾವಿಗೆ ಹೊಸೆಯಲು ಭಿಶಿಯ ಹೆಂಗಸರೇ ಹೋಗಬೇಕು.

ಆ ತಿಂಗಳ ಸವಾಲಿಗೆ ಮೂಲೆಮನೆ ಚಿಗವ್ವ ತಯಾರಾಗಿ ಬಂದಿದ್ದಳು. ಆಕೆ ಹೊಲಿಗೆಯವಳು. ಸೀರೆಗೆ ಪಿಕೋ-ಫಾಲ್ ಮಾಡುವ ಹಳೆಯ ಮಷಿನ್ನು ಒಂದು ಮಾರಾಟಕ್ಕಿತ್ತು. ಅದು ಬಂದರೆ ಓಣಿಯ ಸೀರೆಗಳು ಹುಬ್ಬಳ್ಳಿಗೆ ಹೋಗುವುದು ತಪ್ಪಿ ಆಕೆಯ ಕೈಗೇ ಬರುತ್ತವೆ. ಆಯಿ, "ಯಾರ್ಗ ಬೇಕ್ರೆವಾ?" ಎಂದು ಕೇಳುತ್ತಲೇ ಚಿಗವ್ವ ಸೆರಗು ಸರಿಪಡಿಸಿಕೊಂಡಳು. ಅಷ್ಟರಲ್ಲಿ ನಮ್ಮ ಅತ್ತೆ ಎಂದರು: "ನನಗ ಬೇಕಾಗೈತಿ. ಹುಡುಗೀ ಲಗ್ನ ತಗದೇನಿ."

ನಾನು ಪಕ್ಕದಲ್ಲೇ ಕುಳಿತಿದ್ದೆ. ಹಿಂದಿನ ದಿನದವರೆಗೂ ಇಂಥದ್ದೊಂದು ಮಾತು ಬಂದಿರಲಿಲ್ಲ. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ, ನೆಲ ನೋಡುತ್ತ ಕುಳಿತೆ.

ಚಿಗವ್ವ ತೆರೆದ ಬಾಯಿ ಮುಚ್ಚಿದಳು. ಆಮೇಲೆ ನಕ್ಕಳು. "ಛಲೋ ಆತ ಬಿಡ ಯಕ್ಕಾ. ಮಷಿನ್ನ ಏನು, ಇನ್ನೊಂದ ಬರತೈತಿ," ಎಂದು ಎಲೆ ಅಡಿಕೆ ತಟ್ಟೆಯನ್ನು ತಾನೇ ಅತ್ತೆಯ ಕಡೆ ದೂಡಿದಳು.

ಮನೆಗೆ ಬಂದು ನಾನು, "ಏನ್ರಿ ಇದು ಅತ್ತಿ?" ಎಂದೆ.

"ಕಲಿಯಾಕ ಅಂದ್ರ ಎಲ್ಲಾರೂ ನಗತಾರ, ಮ್ಯಾಲ ಸವಾಲೂ ಹಿಡೀತಾರ. ಲಗ್ನಕ್ಕ ಅಂದ್ರ ಯಾರೂ ಉಸರ ಬಿಡಂಗಿಲ್ಲ. ದಸರಾ ಆದಮ್ಯಾಲೆ ವರ ಒಲ್ಲೆ ಅಂದಾ ಅಂದ್ರಾತು. ಆಕಿಗೆ ಹೇಳಬ್ಯಾಡ."

ಹೇಳಲಿಲ್ಲ. ರೊಕ್ಕ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಸೇರಿತು. ನನ್ನ ಗಂಡನಿಗೂ ನಾದಿನಿಗೂ ಭಿಶಿ ಎತ್ತಿದ್ದೇವೆ ಎಂದಷ್ಟೇ ತಿಳಿಯಿತು. ಲಗ್ನದ ಮಾತು ತಿಳಿಯಲಿಲ್ಲ. ಫೀ ಕಟ್ಟುವ ದಿನಕ್ಕೆ ಇನ್ನೂ ವಾರವಿತ್ತು. ಆ ದಿನಗಳಲ್ಲಿ ನಳದ ಹತ್ತಿರ ಹೆಂಗಸರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ವರ ಎಲ್ಲ್ಯಾಂವ? ಏನ ಮಾಡತಾನ? ಎಷ್ಟ ಮಂದಿ ಅಣ್ತಮ್ಮಂದ್ರು?" ಅತ್ತೆ ಗದಗ ಎಂದಿದ್ದರಂತೆ, ನಾನು ಇನ್ನೊಬ್ಬರಿಗೆ ಹಾವೇರಿ ಎಂದುಬಿಟ್ಟಿದ್ದೆ. ಮಳೆಗಾಲ ಹತ್ತಿರವಿತ್ತು, ಶಾವಿಗೆಯ ಮಾತು ಮುಂದಕ್ಕೆ ಹೋಗುತ್ತದೆ ಎಂದುಕೊಂಡಿದ್ದೆವು. ನಮ್ಮ ಮಂದಿಯೇ ಹಾಗೆ, ಬೇರೆಯವರ ಕೆಲಸವನ್ನು ಮುಂದಕ್ಕೆ ಹಾಕುವವರಲ್ಲ. ಗಿರಣಿ ಆಯಿ ಹಿಂದಿನ ದಿನವೇ ಸಣ್ಣ ರವೆ ಬೀಸಿ ಕಳಿಸಿದಳು. ಬೇಡ ಎನ್ನಲು ಕಾರಣ ಸಿಗದೆ ಅತ್ತೆ ಅದನ್ನು ನೆನೆಹಾಕಿದ್ದರು.

ಹೀಗೆ ಆ ಬೆಳಿಗ್ಗೆ ಪಡಸಾಲೆ ತುಂಬಿತು, ಗಿರಣಿ ಆಯಿಯೂ ಬಂದಿದ್ದಳು. ಹಿಟ್ಟು ನಾದಿ, ಒನಕೆಯಿಂದ ಕುಟ್ಟಿ, ಎಣ್ಣೆ ಸವರಿ ಹದ ಮಾಡಿದರು. ಮಣೆಯ ಒಂದು ತುದಿಯನ್ನು ಎತ್ತರಕ್ಕಿಟ್ಟು ಅದರ ಮೇಲೆ ಚಿಗವ್ವ ಕುಳಿತಳು. ಅಂಗೈಯಿಂದ ಹಿಟ್ಟನ್ನು ಮಣೆಯ ಗೀರುಗಳ ಮೇಲೆ ಕೆಳಗೆ ತಳ್ಳಿದಂತೆ ದಾರದಂಥ ಎಳೆ ಇಳಿಯುತ್ತಿತ್ತು. ಇನ್ನೊಬ್ಬಾಕೆ ಕೋಲಿನ ಮೇಲೆ ಅದನ್ನು ಹಿಡಿದುಕೊಳ್ಳುತ್ತಿದ್ದಳು. ಹರಿಯಬಾರದು. ಲಗ್ನದ ಶಾವಿಗೆಯ ಎಳೆ ಹರಿಯುವುದು ಛಲೋ ಅಲ್ಲ ಎಂದು ನಮ್ಮಲ್ಲಿ ನಂಬಿಕೆ.

ಆ ಹೊತ್ತಿಗೆ ನಾದಿನಿ ಬೂತಿಗೆ ಹೋಗಲು ತಲೆ ಬಾಚಿಕೊಂಡು ಹೊರಗೆ ಬಂದಳು.

"ಬರ್ರಿ ಬರ್ರಿ, ಮದುಮಗಳ! ಗದಗಿನವರ ಮನಿ ದೊಡ್ಡದೈತಂತಲ್ಲ?" ಎಂದಳು ಒಬ್ಬಾಕೆ. "ಹಾವೇರಿ ಅಂದಿದ್ರಲ್ಲಾ?" ಎಂದಳು ಇನ್ನೊಬ್ಬಾಕೆ. ನಾದಿನಿ ಅವರನ್ನು ನೋಡಿದಳು, ಕೋಲಿಗೆ ಜೋತುಬಿದ್ದ ಎಳೆಗಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನನ್ನ ಕೈಹಿಡಿದು ಅಡುಗೆಮನೆಗೆ ಕರೆದೊಯ್ದಳು.

"ವೈನಿ, ಖರೇ ಹೇಳ್ರಿ. ನನ್ನ ಲಗ್ನ ಐತೇನು?"

"ಇಲ್ಲವಾ."

"ಮತ್ತ?"

ಹೇಳಿದೆ. ಲಗ್ನದ ಸುಳ್ಳಿಗಿಂತ ಆಕೆಯ ಮನಸ್ಸಿಗೆ ಹತ್ತಿದ್ದು ಬೇರೆ. "ಚಿಗವ್ವ ಮಷಿನ್ ಬಿಟ್ರಲ್ಲ," ಎಂದಳು. "ಅದನ್ನ ನವನಗರದಾವ್ರು ಯಾರೋ ಒಯ್ದ್ರು. ನಮ್ಮ ಬೂತಿನ್ಯಾಗ ಬಂದ ಅದರ ಸಲುವಾಗಿ ಫೋನ್ ಹಚ್ಚಿದ್ರು. ಈಗ ಇಲ್ಲಿ ಕುಂತ ನನ್ನ ಲಗ್ನದ ಶಾವಿಗಿ ಹೊಸ್ಯಾಕತ್ತಾರ."

"ಇನ್ನ ನಾಕ ದಿನ ತಡಿ. ಫೀ ಕಟ್ಟಿ ಆಮ್ಯಾಲೆ ಹೇಳೂಣು. ಈಗ ಹೇಳಿದ್ರ ರೊಕ್ಕ ತಿರುಗಿ ಕೇಳ್ತಾರ, ಸೀಟ ಹೋಗತೈತಿ," ಎಂದೆ.

"ಫೀ ಕಟ್ಟಿದ ಮ್ಯಾಲೆ ಹೇಳಿದ್ರ ಅವ್ರಿಗೇನ ಉಳೀತೈತ್ರಿ ವೈನಿ, ಕೇಳಾಕ?"

ನಾನು ಸೆರಗು ಹಿಡಿದು ನಿಲ್ಲಿಸಬಹುದಿತ್ತು. ಆಕೆಯಾಗಲೇ ಪಡಸಾಲೆಯ ಹೊಸ್ತಿಲಲ್ಲಿದ್ದಳು.

"ಚಿಗವ್ವಾ, ಆಯಿ, ಎಲ್ಲಾರೂ ಕೇಳ್ರಿ. ನನ್ನ ಲಗ್ನ ಇಲ್ಲ. ಆ ರೊಕ್ಕ ನಾ ಧಾರವಾಡಕ್ಕ ಎಂ.ಎ. ಕಲಿಯಾಕ ಹೋಗೂದಕ್ಕ."

ಚಿಗವ್ವನ ಕೈ ನಿಂತಿತು. ಎಳೆ ಹರಿದು ಧೋತರದ ಮೇಲೆ ಬಿತ್ತು. ಕೋಲು ಹಿಡಿದಾಕೆ ಅದನ್ನು ಎತ್ತಿಕೊಳ್ಳಲಿಲ್ಲ. ಹೊರಗೆ ಧಾರವಾಡದ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು. ಅತ್ತೆ ಗೋಡೆಗೆ ಆತು ಕುಳಿತವರು ಹಾಗೆಯೇ ಇದ್ದರು.

"ಯಕ್ಕಾ," ಎಂದಳು ಚಿಗವ್ವ, ಮಣೆಯ ಮೇಲಿಂದ ಇಳಿಯದೆ. "ಲಗ್ನ ಅಂದಿ. ನಾ ಬಾಯಿ ಮುಚಗೊಂಡೆ."

ಅತ್ತೆ, "ಹೌದು, ಅಂದೆ," ಎಂದರು.

ಎಲ್ಲರೂ ಒಮ್ಮೆಲೆ ಮಾತಾಡತೊಡಗಿದರು. ಗಿರಣಿ ಆಯಿ ಕೈಯಲ್ಲಿದ್ದ ಒನಕೆಯನ್ನು ನೆಲಕ್ಕೆ ಕುಟ್ಟಿದಳು. ಸುಮ್ಮನಾದರು. ಆಯಿ ಹುಡುಗಿಯನ್ನು ಎದುರು ಕೂಡಿಸಿಕೊಂಡಳು.

"ಏನದು ಕಲಿಯೂದು?"

"ಸಮಾಜಶಾಸ್ತ್ರ, ಆಯಿ. ಮಂದಿ ಹೆಂಗ ಬಾಳೇ ಮಾಡತಾರ, ಯಾರ ಮಾತ ನಡೀತೈತಿ, ಯಾರದ ನಡಿಯೂದಿಲ್ಲ, ಅದನ್ನ."

"ಅದನ್ನ ತಿಳಕೊಳ್ಳಾಕ ಧಾರವಾಡತನಕ ಯಾಕ? ನನ್ನ ಗಿರಣ್ಯಾಗ ಬಂದ ಕುಂದ್ರ, ಜೋಳ ಬೀಸೂದ್ರಾಗ ಎಲ್ಲಾ ತಿಳೀತೈತಿ," ಎಂದಳು ಆಯಿ. ಒಂದಿಬ್ಬರು ನಕ್ಕರು. ಚಿಗವ್ವ ನಗಲಿಲ್ಲ.

"ನಾ ಕೇಳತೇನಿ," ಎಂದಳು. "ಆ ಮಷಿನ್ ಬಂದಿದ್ರ ಒಂದ ಲಗ್ನದ ಸೀಜನ್ನಿನ್ಯಾಗ ನನ್ನ ರೊಕ್ಕ ತಿರುಗಿ ಬರ್ತಿತ್ತು. ನಿಂದು? ಯಾವಾಗ ಗಿಟ್ಟತೈತಿ?"

ನಾದಿನಿ ದೊಡ್ಡ ದೊಡ್ಡ ನೌಕರಿಯ ಹೆಸರು ಹೇಳಬಹುದಿತ್ತು, ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ, ಹೇಳವ್ವಾ, ಏನಾದರೂ ಒಂದು ಹೇಳು ಎನ್ನುತ್ತಿದ್ದೆ.

"ಎರಡ ವರ್ಷ ಏನೂ ಬರೂದಿಲ್ರಿ," ಎಂದಳು. "ಆಮ್ಯಾಲೆ ಯಾವುದರೆ ಕಾಲೇಜಿನ್ಯಾಗ ತಾಸಿನ ಲೆಕ್ಕದ ಮ್ಯಾಲೆ ಪಾಠ ಹೇಳೂದ ಸಿಗಬಹುದು. ಅದು ಬೂತಿನ ಪಗಾರಕ್ಕಿಂತ ಒಂದೀಟ ಹೆಚ್ಚು. ಸೂಟಿ ತಿಂಗಳಿನ್ಯಾಗ ಅದೂ ಇಲ್ಲ. ಖಾಯಂ ನೌಕರಿ ಸಿಕ್ಕರ ಸಿಗತೈತಿ, ಇಲ್ಲಂದ್ರ ಇಲ್ಲ."

"ಸಿಗಲಿಲ್ಲಂದ್ರ?"

"ತಿರುಗಿ ಬೂತ್."

"ಬೂತಿನ್ಯಾಗಿಂದ ಎದ್ದ, ಸಾಲ ಮಾಡಿ, ತಿರುಗಿ ಬೂತಿನ್ಯಾಗ ಕುಂದ್ರಾಕ ಹೊಂಟಿ."

"ಹೌದ್ರಿ ಚಿಗವ್ವಾ. ಹಂಗೂ ಆಗಬಹುದು."

ಗಿರಣಿ ಆಯಿ ಅತ್ತೆಯ ಕಡೆ ತಿರುಗಿ, "ರೊಕ್ಕ ತಾ," ಎಂದಳು.

ಅತ್ತೆ ಎದ್ದು ಒಳಗೆ ಹೋದರು. ಟ್ರಂಕಿನ ಚಿಲಕದ ಸಪ್ಪಳ ಪಡಸಾಲೆಗೆ ಕೇಳಿಸಿತು. ಹತ್ತು ಸಾವಿರದ ಕಟ್ಟನ್ನು ತಂದು ಆಯಿಯ ಮುಂದೆ ಹಿಟ್ಟಿನ ಪರಾತದ ಪಕ್ಕದಲ್ಲಿ ಇಟ್ಟರು.

"ಕಲಿಯೂದು ನಮ್ಮ ನಾಕರಾಗ ಬರೂದಿಲ್ಲ," ಎಂದಳು ಆಯಿ. "ಅದಕ ಸವಾಲ ಆಗಬೇಕು. ಇಲ್ಲೇ ಆಗಲಿ. ಇಲ್ಲಿ ಇಲ್ದಾವ್ರ ಪರವಾಗಿ ನಾ ಅದೇನಿ. ಯಾರ್ಗ ಬೇಕು?"

"ನನಗ," ಎಂದರು ಅತ್ತೆ. "ಐನೂರ ಬಿಟ್ಟೆ."

"ಏಳನೂರು," ಎಂದಳು ಚಿಗವ್ವ.

ನನಗೆ ಲೆಕ್ಕ ಗೊತ್ತಿತ್ತು. ಎಂಟೂವರೆ ಸಾವಿರ ಕೈಗೆ ಉಳಿಯಬೇಕಾದರೆ ಹದಿನೈದು ನೂರಕ್ಕಿಂತ ಹೆಚ್ಚು ಬಿಡುವ ಹಾಗಿಲ್ಲ. ಒಂದು ಸಾವಿರ, ಹನ್ನೆರಡು ನೂರು, ಹದಿನೈದು. ಅತ್ತೆ ಹದಿನೈದು ಎಂದಾಗ ಚಿಗವ್ವ ಒಂದು ಚೂರೂ ತಡೆಯದೆ ಹದಿನೆಂಟು ಎಂದಳು. ಮಷಿನ್ನು ಮಾರಿಹೋಗಿತ್ತು. ಈ ತಿಂಗಳು ರೊಕ್ಕ ತೆಗೆದುಕೊಂಡು ಆಕೆ ಮಾಡುವುದೇನೂ ಇರಲಿಲ್ಲ. ಆದರೂ ಅತ್ತೆಯ ಮುಖದಿಂದ ಕಣ್ಣು ಕೀಳಲಿಲ್ಲ. ನಾದಿನಿ ಕೆಳಗೆ ನೋಡುತ್ತ, ಹರಿದು ಬಿದ್ದ ಶಾವಿಗೆಯ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಹೊರಗೆ ಮೋಡ ಕಟ್ಟಿ ಪಡಸಾಲೆ ಕತ್ತಲಾಗಿತ್ತು. ಯಾರೂ ಎದ್ದು ದೀಪ ಹಾಕಲಿಲ್ಲ.

"ಹತ್ತೊಂಬತ್ತ ನೂರು," ಎಂದರು ಅತ್ತೆ.

"ಎರಡ ಸಾವಿರ."

ನಾನು ಅತ್ತೆಯ ಸೆರಗನ್ನು ಹಿಂದಿನಿಂದ ಎಳೆದೆ. ಅವರು ನನ್ನ ಕೈ ಬಿಡಿಸಿದರು.

"ಇಪ್ಪತ್ತೊಂದ ನೂರು," ಎಂದರು.

ಆಯಿ ಚಿಗವ್ವನನ್ನು ನೋಡಿದಳು. ಚಿಗವ್ವ ಅಂಗೈಗೆ ಅಂಟಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. ಅದು ಪೂರ್ತಿ ಉದುರುವತನಕ ನಾವೆಲ್ಲ ಕಾದೆವು.

"ನಾ ಬಿಟ್ಟೆ," ಎಂದಳು. "ಒಯ್ಯಲಿ. ಈಗ ಅದು ಸಾಲದ ರೊಕ್ಕ. ಲಗ್ನದ್ದಲ್ಲ."

ಇಪ್ಪತ್ತೊಂದು ನೂರನ್ನು ಆಯಿ ಅಲ್ಲಿಯೇ ಎಣಿಸಿ ತೆಗೆದಳು, ತಲೆಗೆ ನೂರಾ ಹತ್ತು ರೂಪಾಯಿ ಚಿಲ್ಲರೆ. ಚಿಗವ್ವ ತನ್ನ ಪಾಲನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಆಮೇಲೆ ಹೆಂಗಸರು ಎದ್ದು ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ಒಬ್ಬಿಬ್ಬರು ಎದ್ದರು ಕೂಡ. ಚಿಗವ್ವ ಮಣೆಯ ಮೇಲೆ ಮತ್ತೆ ಸರಿಯಾಗಿ ಕುಳಿತು, "ಎಲ್ಲಿಗೆ ಹೊಂಟೀರಿ? ಹದ ಮಾಡಿದ ಹಿಟ್ಟ ನಾಳೀಗೆ ಇಡಾಕ ಬರತೈತೇನ? ಹಿಡೀರಿ ಕೋಲು," ಎಂದು ಗದರಿದಳು. ಮಧ್ಯಾಹ್ನದವರೆಗೆ ಯಾರೂ ಹಾಡಲಿಲ್ಲ, ನಗಲಿಲ್ಲ. ಆದರೆ ಹಿಟ್ಟು ಮುಗಿಸಿಯೇ ಎದ್ದರು.

ಫೀಗೆ ಆರುನೂರು ಕಡಿಮೆ ಬಿತ್ತು. ನಾದಿನಿ ಬೂತಿನ ಮಾಲಕರನ್ನು ಕೇಳಿ ಮುಂಗಡ ತಂದಳು; ಅದಕ್ಕಾಗಿ ಎರಡೂ ವರ್ಷ ಸಂಜೆಯ ಪಾಳಿಗೆ ಕೂಡುವುದಾಗಿ ಒಪ್ಪಿಕೊಂಡಳು. ಕ್ಲಾಸು ಮುಗಿಸಿ ಧಾರವಾಡದಿಂದ ಬಂದವಳು ನವನಗರದಲ್ಲೇ ಇಳಿದು, ಬೂತಿನ ಗಾಜಿನ ಡಬ್ಬಿಯೊಳಗೆ ಪುಸ್ತಕ ತೆರೆದು ಕೂಡುತ್ತಿದ್ದಳು. ಅರ್ಧ ಪಗಾರ. ಅದೆಲ್ಲ ಭಿಶಿಗೇ ಹೋಗುತ್ತಿತ್ತು, ಆದರೂ ಐನೂರಕ್ಕೆ ಸಾಲುತ್ತಿರಲಿಲ್ಲ. ನಾನೂ ಅತ್ತೆಯೂ ಇನ್ನೊಂದು ಖಾನಾವಳಿ ಹಿಡಿದೆವು. ನನ್ನ ಗಂಡ ಆ ಬೆಳಗಿನ ಕಥೆ ಕೇಳಿ ತಾಯಿಯ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಮೂಲೆಮನೆಗೆ ಮಾತ್ರ ತಾವೇ ಹೋಗಿ, "ತಪ್ಪ ಆಗೇತ್ರಿ ನಮ್ಮಿಂದ," ಎಂದು ಬಂದರು.

ಚಿಗವ್ವನಿಗೆ ಮುಂದಿನ ವರ್ಷ ಬೇರೆ ಮಷಿನ್ನು ಸಿಕ್ಕಿತು, ಮೊದಲಿನದಕ್ಕಿಂತ ತುಟ್ಟಿ. ಎಂ.ಎ. ಮುಗಿದ ಮೇಲೆ ನಾದಿನಿ ಸೀರೆ ಹಿಡಿದುಕೊಂಡು ಹೋದಾಗಲೆಲ್ಲ ಆಕೆ ಮಷಿನ್ನಿನಿಂದ ತಲೆ ಎತ್ತದೆ ಕೇಳುತ್ತಿದ್ದಳು: "ಗಿಟ್ತೇನವಾ?"

"ಇನ್ನೂ ಇಲ್ರಿ ಚಿಗವ್ವಾ."

ಖರೇನೇ ಗಿಟ್ಟಿರಲಿಲ್ಲ. ತಾಸಿನ ಲೆಕ್ಕದ ಪಾಠಕ್ಕೆ ರೊಕ್ಕ ಆರು ತಿಂಗಳಿಗೊಮ್ಮೆ ಬರುತ್ತಿತ್ತು. ನಡುವೆ ಒಂದು ವರ್ಷ ಮನೆಮನೆಯ ಸಮೀಕ್ಷೆಯ ಕೆಲಸ, ದಿನಗೂಲಿಯಂತೆ. ಗಬ್ಬೂರಿನ ಕಡೆ ಬಿಸಿಲಲ್ಲಿ ತಿರುಗಿ, ಯಾರು ಕಡೆಗೆ ಉಣ್ಣುತ್ತಾರೆ ಎಂದು ಕೇಳಿ ಬರೆದುಕೊಂಡು ಬರುತ್ತಿದ್ದಳು. ಬೂತಿನಲ್ಲೇ ಕುಳಿತಿದ್ದರೆ ಎಷ್ಟಾಗುತ್ತಿತ್ತು, ಈಗ ಎಷ್ಟು ಬಂತು ಎಂದು ನಾನು ರೊಟ್ಟಿ ಬಡಿಯುತ್ತ ಎಷ್ಟೋ ಸಲ ಮನಸ್ಸಿನಲ್ಲಿ ಕೂಡಿಸಿ ಕಳೆದಿದ್ದೇನೆ. ಬಹಳ ವರ್ಷ ಬೂತಿನ ಕಡೆಯೇ ತಕ್ಕಡಿ ಕೆಳಗಿತ್ತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂದು ಆ ಬೂತೇ ಮುಚ್ಚಿತು. ಇಲ್ಲದಿದ್ದರೆ ತಿರುಗಿ ಬೂತ್ ಎಂದು ಅಂದು ಹೇಳಿದ್ದಳಲ್ಲ, ಆ ಬಾಗಿಲಲ್ಲಿ ಈಗ ಬೇಕರಿ ಇದೆ. ಶಾವಿಗೆ ಮಣೆಯ ಸುತ್ತ ಕುಳಿತು ಅಷ್ಟೆಲ್ಲ ತೂಗಿದ ನಾವು ಯಾರೂ ಅದನ್ನು ಎಣಿಸಿರಲಿಲ್ಲ.

ಕೊನೆಗೆ ಒಂದು ಕಾಲೇಜಿನಲ್ಲಿ ಆಕೆಗೆ ಖಾಯಂ ಕೆಲಸವಾಯಿತು. ಮೊದಲ ಪಗಾರದಲ್ಲಿ ತಾಯಿಗೆ, ನನಗೆ, ಗಿರಣಿ ಆಯಿಗೆ ಒಂದೊಂದು ಸೀರೆ ತಂದಳು. ಫಾಲ್ ಹಚ್ಚಿಸಲು ನಾನೂ ಜೊತೆಗೆ ಮೂಲೆಮನೆಗೆ ಹೋದೆ. ನಾಲ್ಕನೆಯ ಸೀರೆಯೊಂದು ಚಿಗವ್ವನಿಗೇ ಇತ್ತು. ಅದನ್ನು ಸುಮ್ಮನೆ ಬದಿಗಿಟ್ಟುಕೊಂಡಳು. ಉಳಿದ ಮೂರಕ್ಕೆ ಅಂಚು ಹಿಡಿದು ನೋಡಿ, ರೊಕ್ಕ ಇಷ್ಟಾಗುತ್ತದೆ ಎಂದಳು. ಒಂದು ರೂಪಾಯಿಯನ್ನೂ ಬಿಡಲಿಲ್ಲ. ಹೋದಾಗಲೆಲ್ಲ ಕೇಳುವ "ಗಿಟ್ತೇನವಾ?" ಮಾತ್ರ ಕೇಳಲಿಲ್ಲ. ಸುದ್ದಿ ಆಕೆಗೆ ಆಗಲೇ ತಿಳಿದಿತ್ತು.

ಮೆಟ್ಟಿಲು ಇಳಿದ ಮೇಲೆ ನಾದಿನಿ ತಡೆಯಲಾರದೆ ತಿರುಗಿ ನಿಂತಳು. "ಯಾಕ್ರಿ ಚಿಗವ್ವಾ, ಇವತ್ತ ಕೇಳಲಿಲ್ಲ?"

ಚಿಗವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಕೇಳಿದ್ರ ಹೌದು ಅಂತಿ," ಎಂದಳು. "ನಾಳೆ ನಾ ಏನ ಕೇಳ್ಲಿ?"